ಹದಿನೆಂಟನೇ ದಿನ

ಗೋಣಿಕೊಪ್ಪದ ಬಸ್‌ಸ್ಟ್ಯಾಂಡ್ ಎದುರಿನ ಸಲೂನಿನಲ್ಲಿ
ಕನ್ನಡಿಯ ಕೆಳಗೆ ಹೊಸ ತೊಟ್ಟಿ, ಆರು ಮೀನು.
ಶಟರ್ ಎತ್ತಿ ಮೊಯ್ದು ಮೊದಲು ನೋಡುವುದು
ಮೇಲೆ ಬಂದು ಬಾಯಿ ಬಡಿಯುತ್ತಿವೆಯೇ ಎಂದು.

ಬಡಿಯುತ್ತಿವೆ.

ಗಾಜಿನ ಕೊಳವೆಗೆ ಐದು ಹನಿ ಬಿಟ್ಟು ಅಲ್ಲಾಡಿಸಿ
ಕಾಯುತ್ತಾನೆ: ಐದು ನಿಮಿಷ, ಅಂದರೆ ಅರ್ಧ ಗಡ್ಡ.
ನೀಲಿಯಾಗೇ ಉಳಿ ಎಂದದ್ದು
ನೇರಳೆಹಣ್ಣು ತಿಂದ ನಾಲಗೆ.

'ಮೀನಿಗೂ ರಕ್ತಪರೀಕ್ಷೆಯಾ?'
ಕೆನ್ನೆ ತುಂಬ ನೊರೆ, ಕುರ್ಚಿಯಲ್ಲಿ ಉತ್ತಯ್ಯ.
'ನೈಟ್ರೈಟ್ ಏರಿದರೆ ನೆತ್ತರು
ಕಾಫಿ ಬಣ್ಣಕ್ಕೆ ತಿರುಗುತ್ತದೆ ಸಾರ್,
ನೀರ ತುಂಬ ಗಾಳಿಯಿದ್ದರೂ ಉಸಿರು ದಕ್ಕದು.'
ಉತ್ತಯ್ಯ ನಗಲಿಲ್ಲ.

ಅರ್ಧ ನೀರು ಹೊರಗೆ.
ರಾತ್ರಿಯಿಡೀ ಬಕೆಟ್ಟಿನಲ್ಲಿ ಕ್ಲೋರಿನ್ ಕಳೆದುಕೊಂಡ ನೀರು ಒಳಗೆ,
ಒಂದು ಚಿಟಿಕೆ ಉಪ್ಪು. ಮೇವು ಇವತ್ತಿಲ್ಲ.
ಸ್ಪಂಜು ಮಾತ್ರ ತೊಳೆಯಲಿಲ್ಲ:
ಅಲ್ಲಿ ಯಾರೋ ಸಂಸಾರ ಹೂಡುತ್ತಿದ್ದಾರೆ,
ಕಣ್ಣಿಗೆ ಕಾಣದವರು, ಬಾಡಿಗೆ ಕೊಡದವರು.
ಅವರು ನೆಲೆಯಾಗುವ ತನಕ
ವಿಷ ಕುಡಿಯುವ ಪಾಳಿ ಈ ಆರರದು.
ಮೊದಲೇ ಗೊತ್ತಿದ್ದರೆ
ಬರೀ ನೀರು ಸಾಕುತ್ತಿದ್ದೆ ಒಂದು ತಿಂಗಳು.

ಕೊಳವೆಯನ್ನು ಕನ್ನಡಿಗೆ ಒರಗಿಸಿದ.
ಆ ನೇರಳೆ ಎರಡಾಯಿತು.
ಉಳಿದರ್ಧ ಗಡ್ಡ ಮುಗಿದು, ದುಡ್ಡು ಕೊಟ್ಟು
ಬಾಗಿಲ ತನಕ ಹೋದ ಉತ್ತಯ್ಯ
ವಾಪಸು ಬಂದು ಬಗ್ಗಿ ಎಣಿಸಿದ:
'ಆರೂ ಇವೆ.'