ಹದಿನೈದು ಆಂಪಿಯರ್

ಮೂರನೇ ಫ್ಯೂಸೂ ಹೋಯಿತು.
ಗುಂಡಿ ತಿರುಗಿಸಿದ್ದಷ್ಟೇ, ಹಿಂದಿನ ದೀಪ,
ಡ್ಯಾಶಿನ ಅಂಕಿಗಳು ಒಟ್ಟಿಗೇ ಕಣ್ಣು ಮುಚ್ಚಿದವು.
ನನ್ನ ಹಳೆಯ ಪಿಕಪ್ಪು, ಇಲ್ಲಿಯವರ ಬಾಯಲ್ಲಿ ಯೂಟು.
ಕೂನಾಂಬಲ್‌ನ ಗೋಧಿ ಕಣಜದ ಹಿಂದೆ ಹೊತ್ತು ಇಳಿಯುತ್ತಿತ್ತು.
ಐವತ್ತು ಕಿಲೋಮೀಟರ್ ಆಚೆ ಒಂದು ಹಸು
ಕರು ಹಾಕಲಾರದೆ ಒದ್ದಾಡುತ್ತಿತ್ತು.
ನಾನು ಅದರ ಡಾಕ್ಟರು.

ಮೂವತ್ತರದ್ದು ಹಾಕಿಬಿಡಲೇ ಎಂದೆ.
ಪಾಸ್ಕೋ ಮುದುಕ ಆ ಹಸಿರು ಫ್ಯೂಸನ್ನು
ನನ್ನ ಕೈಯಿಂದ ಕಿತ್ತು ಜೇಬಿಗಿಳಿಸಿದ.
"ಆಗ ಉರಿಯೋದು ತಂತಿ.
ಇದು ಕೆಟ್ಟಿಲ್ಲ ಡಾಕ್ಟ್ರೇ, ಕೆಲಸ ಮಾಡಿದೆ."

ಬಲ್ಬು ಕಳಚಿದೆವು. ಟ್ರೇಲರ್ ಪ್ಲಗ್ಗಿನ ಮಣ್ಣು ಕೆರೆದೆವು.
ಫ್ಯೂಸಿನ ಜಾಗಕ್ಕೆ ಟೆಸ್ಟ್ ಲ್ಯಾಂಪ್ ಸಿಕ್ಕಿಸಿ
ಒಂದೊಂದೇ ತಂತಿ ಅಲುಗಿಸುತ್ತ ಹೋದ,
ಹಲ್ಲುನೋವಿನವನನ್ನು ಕೇಳುವಂತೆ:
ಇಲ್ಲೇನು? ಇಲ್ಲೇನು?
ಗ್ಲೋವ್ ಬಾಕ್ಸಿನ ಹಿಂದೆ ಬೆರಳು ತಾಗಿದ್ದೇ
ಲ್ಯಾಂಪು ಮಿಣುಕಿತು.

ಇಲಿ ಗೂಡು.
ಗೋಧಿ ಹೊಟ್ಟು, ಸೀಟಿನ ಸ್ಪಂಜು, ತಂತಿಯ ಸುಲಿದ ಸಿಪ್ಪೆ,
ನಡುವೆ ನನ್ನ ದಿನಸಿ ಚೀಟಿಯ ಚೂರು:
ಸಾಸಿ, ಮೆಂ, ಹುಣ
ಈ ಊರಲ್ಲಿ ನನ್ನ ಕನ್ನಡಕ್ಕೆ ಬಾಯಿ ಹಾಕಿದವರು
ಇವರೇ ಮೊದಲು.
ಅದರ ಮೇಲೆ ಆರು ಮರಿ, ಇನ್ನೂ ಕಣ್ಣು ಬಿಟ್ಟಿಲ್ಲ,
ಬತ್ತಲೆ ತಾಮ್ರದ ಪಕ್ಕ ಬತ್ತಲೆ ಮೈ.

ಹೋದ ವರ್ಷದ ಹಾವಳಿಯಲ್ಲಿ
ಪಾಸ್ಕೋ ಬಕೆಟ್ ಲೆಕ್ಕದಲ್ಲಿ ಕೊಂದವನು.
ಈಗ ಏನೂ ಅನ್ನಲಿಲ್ಲ. ಟೇಪು ಸುತ್ತಿದ,
ನೀಲಿ ಫ್ಯೂಸು ಒತ್ತಿದ. ಅಂಕಿಗಳು ಬಂದವು.
ಮರಿಗಳನ್ನು ಟೋಪಿಯಲ್ಲಿ ಹಿಡಿದು
ಬೇಲಿಯ ಕಡೆ ನಡೆದ.

ನಾನು ಕನ್ನಡಿಯಲ್ಲಿ ನೋಡಲಿಲ್ಲ.
ಹಸು ಕಾಯುತ್ತಿತ್ತು.