ಮೀನಿನ ನಂತರ

ಬಾಗಿಲ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ:
ಐದು ಬಗೆ, ಮೂವತ್ತೊಂದು ಯೂರೋ.
ನನ್ನ ಗಂಡ ಫಿರ್ಮಾಂ ಎರಡು ಸಲ ಓದಿದ.
ಲಿಯೋನಿನ ಅಂಚೆಕಚೇರಿಯಲ್ಲಿ
ಮೂವತ್ತಾರು ವರ್ಷ ಪಾರ್ಸೆಲ್ ತೂಗಿದವನು,
ಈಗಲೂ ಅಂಗೈಯೇ ತಕ್ಕಡಿ.
ಬ್ರೆಡ್ಡಿನ ಚೂರೆತ್ತಿ, ಕಣ್ಣು ಕಿರಿದು ಮಾಡಿ,
"ನಲವತ್ತು ಗ್ರಾಂ. ಪುಕ್ಕಟೆ. ಇನ್ನೊಂದು ಕೇಳು."

ಈರುಳ್ಳಿ ಸೂಪು ಬಂತು.
"ಮನೆಯಲ್ಲಾದರೆ ಒಂದೂವರೆ ಯೂರೋ. ಲುಕ್ಸಾನು."
ಮೀನು ಬಂತು, ಬೆಣ್ಣೆಯಲ್ಲಿ ಮಿಂದು, ಗೇಣುದ್ದ.
"ಇದು ಸರಿಗೆ ಸರಿ."
ಲಾಭವೇನಿದ್ದರೂ ಮಾಂಸದಲ್ಲಿ.

ಮಾಂಸ ಬರಲಿಲ್ಲ.
ಒಳಗೆ ಒಬ್ಬಳೇ ಅಡುಗೆಯವಳು,
ಪಾತ್ರೆ ತೊಳೆಯುವ ಹುಡುಗನಿಗೆ ಜ್ವರವಂತೆ.
ಕಾಲು ಗಂಟೆ. ಅರ್ಧ. ಮುಕ್ಕಾಲು.
ಮನೆಯಲ್ಲಾಗಿದ್ದರೆ ಅವನು ರೇಡಿಯೋಗೆ, ನಾನು ಇಸ್ತ್ರಿಗೆ
ಎದ್ದು ಹೋಗಿರುತ್ತಿದ್ದೆವು.
ಇಲ್ಲಿ ಮೂರು ಬಗೆ ಬಾಕಿ. ಎದ್ದರೆ ನಷ್ಟ.

ಹೇಳಲು ಬೇರೇನೂ ಉಳಿಯದೆ ಹೇಳಿಬಿಟ್ಟೆ:
"ಆ ನೀಲಿ ಪರದೆ, ಮದುವೆಯಾದ ವರ್ಷ ನೀನು ತಂದದ್ದು,
ನನಗೆ ಒಂದು ದಿನವೂ ಹಿಡಿಸಿಲ್ಲ."

ತಟ್ಟೆ ಒರೆಸುತ್ತಿದ್ದ ಬ್ರೆಡ್ಡು ಅರ್ಧದಲ್ಲೇ ನಿಂತಿತು.
"ನನಗೂ!" ಅಂದ. "ನಿನಗಿಷ್ಟವೆಂದು,
ಹರಿದಾಗಲೆಲ್ಲ ಊರೆಲ್ಲ ಅಲೆದು
ಅದೇ ಬಣ್ಣ ಹುಡುಕಿ ತಂದೆ."
ಪಕ್ಕದ ಮೇಜಿನವರು ತಿರುಗಿ ನೋಡಿದರು,
ಅಷ್ಟು ನಕ್ಕೆವು.

ಮಾಂಸ ಯಾವಾಗ ಬಂತೋ.
ಚೀಸನ್ನು ಅವನು ತೂಗಲಿಲ್ಲ.
ಕೊನೆಯ ಸೇಬಿನ ಸಿಹಿ ಸ್ವಲ್ಪ ಸೀದಿತ್ತು, ಅದನ್ನೂ ಹೇಳಲಿಲ್ಲ.
ಅರವತ್ತೆರಡು ಎಣಿಸಿ ಇಟ್ಟ,
ಜೇಬು ತಡಕಿ ಎರಡು ನಾಣ್ಯ ಬೇರೆ:
"ಜ್ವರದ ಹುಡುಗನಿಗೆ."

ಸೋನ್ ನದಿಯ ಸೇತುವೆಯ ಮೇಲೆ ಗಾಳಿ.
"ಹಾಗಾದರೆ ನಿನಗೆ ಯಾವ ಬಣ್ಣ ಬೇಕಿತ್ತು?"
"ಬರುವ ತಿಂಗಳು ಹೇಳುತ್ತೇನೆ," ಅಂದೆ,
"ಮೀನಿನ ನಂತರ."