ಎರಡನೇ ಕೊಪ್ಪರಿಗೆ

ಮೈಸೂರಿನ ಹೆಬ್ಬಾಳದಲ್ಲಿ, ಮೂರನೇ ಮಹಡಿಯಲ್ಲಿ,
ರಾತ್ರಿ ಹತ್ತರಿಂದ ಬೆಳಗಿನ ಏಳರವರೆಗೆ
ನಾವು ಹನ್ನೊಂದು ಮಂದಿ
ಯಾರೂ ನೋಡಬಾರದ್ದನ್ನು ನೋಡುತ್ತೇವೆ,
ಯಾರೂ ನೋಡದಿರಲಿ ಎಂದು.

ಹೊಸಬರಿಗೆ ಹೇಳಿಕೊಡುವವಳು ನಾನೇ:
ಮೊದಲು ಸದ್ದು ತೆಗಿ.
ಆಮೇಲೆ ಬಣ್ಣ ತೆಗಿ, ಕಪ್ಪು ಬಿಳುಪಿನಲ್ಲಿ
ನೆತ್ತರೂ ಚೆಲ್ಲಿದ ಕಾಫಿಯೇ.
ಚಿತ್ರವನ್ನು ಬೆಂಕಿಪೊಟ್ಟಣದಷ್ಟಕ್ಕೆ ಇಳಿಸು.
ಮುಖ ನೋಡಬೇಡ.
ಮಗುವಿದ್ದರೆ ನನ್ನನ್ನು ಕರೆ.

ಇಷ್ಟೆಲ್ಲ ಹೇಳಿಕೊಟ್ಟವಳು
ಒಂದು ಭಾನುವಾರ ದೇವರಾಜ ಮಾರುಕಟ್ಟೆಯಲ್ಲಿ
ಕುಂಕುಮದ ಗುಡ್ಡೆಗಳ ಮುಂದೆ ನಿಂತು
ಬಣ್ಣ ತೆಗೆಯುವ ಗುಂಡಿ ಹುಡುಕಿದ್ದೆ, ಗಾಳಿಯಲ್ಲಿ, ಬೆರಳಾಡಿಸಿ.
ಅದನ್ನು ಯಾರಿಗೂ ಹೇಳಿಲ್ಲ.

ಪಾಂಡವಪುರದ ಕಡೆಯ ಹುಡುಗ, ನಿಶ್ಚಲ.
ಸೇರಿ ಐದು ವಾರ.
ಮೊನ್ನೆ ಮೂರೂ ಮುಕ್ಕಾಲಿಗೆ ಅವನ ಕೈ
ಮೌಸಿನ ಮೇಲೆ ನಿಂತೇಹೋಯಿತು.
ಪರದೆಯಲ್ಲಿ ಏನಿತ್ತು, ಇಲ್ಲಿ ಬರೆಯುವುದಿಲ್ಲ.
ನನ್ನ ಕೆಲಸವೇ ಅದು, ನಿಮ್ಮವರೆಗೆ ಬಿಡದಿರುವುದು.

ಅವನ ಪಾಲಿನ ನೂರ ಹದಿನಾಲ್ಕನ್ನು
ನನ್ನ ಸಾಲಿಗೆ ಎಳೆದುಕೊಂಡೆ.
ಕಾರಣ ಕೇಳಿದಲ್ಲಿ 'ಯಂತ್ರದ ದೋಷ' ಒತ್ತಿದೆ.
ಮನುಷ್ಯನದಕ್ಕೆ ಅಲ್ಲಿ ಗುಂಡಿಯಿಲ್ಲ.

ತಾರಸಿಯಲ್ಲಿ ಟೀ. ದೂರದಲ್ಲಿ ಬೆಟ್ಟದ ದೀಪ.
"ಏನಾದ್ರೂ ಹೇಳೋ, ನಿಮ್ಮೂರಿಂದು."
ಟೀ ಕೆನೆಗಟ್ಟಿದ ಮೇಲೆ ಅಂದ:
"ನಮ್ ಮಾವಂದು ಆಲೆಮನೆ ಅದೆ ಕಣಕ್ಕ.
ಹಾಲು ಕುದೀತಿದ್ದಂಗೆ ಮಡ್ಡಿ ಮ್ಯಾಕ್ಕೆ ಬತ್ತದೆ.
ಅದ ಬಳಿಯಕ್ಕೆ ಒಬ್ಬ ನಿಂತ್ಕಬೇಕು, ಹಬೆ ಮಕಕ್ಕೇ ಹೊಡೀತದೆ.
ಒಂದು ಕೊಪ್ಪರಿಗೆ ಇಳೀತು ಅಂದ್ರೆ
ಅವನ ಕೈಯಿಂದ ಜಾಲರಿ ಇಸ್ಕೊಂಡ್ಬುಡ್ತಾರೆ.
ಎರಡನೇದಕ್ಕೆ ಬ್ಯಾರೆ ಆಳು.
ಎಂಥಾ ಗಟ್ಟಿಗನಾದ್ರೂ ಅಷ್ಟೆಯ."

ಅವನು ಅತ್ತದ್ದು ಆಮೇಲೆ.
ಎರಡೂ ಲೋಟ ನಾನೇ ಹಿಡಿದುಕೊಂಡಿದ್ದೆ.

ಕೆಳಗೆ ಗೋಡೆಯ ಮೇಲೆ ಪದ್ಮಾಸನದ ಹೆಣ್ಣು:
'ದೀರ್ಘವಾಗಿ ಉಸಿರಾಡಿ.'
ಆಪ್ತ ಸಮಾಲೋಚಕಿ ಬರುವುದು ಗುರುವಾರ, ಹಗಲು ಹೊತ್ತು,
ನಾವು ಮಲಗಿರುವಾಗ.

ಮ್ಯಾನೇಜರಿಗೆ ಬರೆದೆ, ಉಸಿರಿನ ಬಗ್ಗೆ ಅಲ್ಲ.
ಎರಡು ಗಂಟೆಗೊಮ್ಮೆ ಆಳು ಬದಲಾಗಲಿ,
ಕೆಟ್ಟದ್ದು ಕಂಡವರಿಗೆ ಮರುದಿನ ಬರೀ ಸೋಪಿನ ಜಾಹೀರಾತು ಸಿಗಲಿ,
ಆ ಸಮಾಲೋಚಕಿ ರಾತ್ರಿ ಬರಲಿ.
'ಪರಿಶೀಲಿಸಲಾಗುವುದು' ಎಂದು ಉತ್ತರ.

ಅಲ್ಲಿಯವರೆಗೆ ಒಂದು ಹಾಳೆ, ಪೆನ್ಸಿಲಿನಲ್ಲಿ ಸರದಿ.
ಎಲ್ಲರ ಹೆಸರೂ ಬರೆದೆ.
ಕೊನೆಯಲ್ಲಿ ಶಾಹಿದಾ ಪೆನ್ಸಿಲ್ ಕಸಿದುಕೊಂಡು
ನನ್ನದನ್ನು ಬರೆದಳು.
ಹಿಂದಿನಿಂದ ನಿಶ್ಚಲ:
"ಗಟ್ಟಿಗಿತ್ತಿ ಆದ್ರೂ ಅಷ್ಟೆಯ."

ನಿನ್ನೆ ಅವನು ಊರಿಂದ ಅಚ್ಚು ಬೆಲ್ಲ ತಂದ, ಹಳೇ ಪೇಪರಿನಲ್ಲಿ ಸುತ್ತಿ.
ಬೆಳಗಿನ ಎಂಟಕ್ಕೆ, ಮನೆಯ ಕಿಟಕಿಯ ಬಿಸಿಲಿಗೆ ಹಿಡಿದು ನೋಡಿದೆ.
ಹುಣಸೆ ಚಿಗುರಿನ ಕೆಂಪು.
ಹೌದು, ಕೆಂಪೇ.
ಒಳಗೆ ಕಬ್ಬಿನ ಸಿಪ್ಪೆಯ ಒಂದು ಎಳೆ ಸಿಕ್ಕಿಕೊಂಡಿತ್ತು.
ಬೆರಳು ತಾನಾಗಿಯೇ ಹೋಯಿತು.

ತೆಗೆಯಲಿಲ್ಲ.